ಬೆನ್ನ ಹಿಂದಿನ ಐದು ಗಂಟು

ಜನವರಿ 5, 2009. ಸೋಮವಾರ

ಷಟರ್ ಎತ್ತಿದೆ. ಕಿರೀಟಗಳ ಧೂಳು ಹೊಡೆದೆ. ರಾಣಿ ಪಾರ್ಟಿನ ಜಡೆಯನ್ನು ಮತ್ತೆ ಇಲಿ ಕಡಿದಿದೆ, ಹಾಳಾದ್ದು. ಎರಡು ಗದೆಗೆ ಬೇಗಡೆ ಕಾಗದ ಅಂಟಿಸುವುದು ಬಾಕಿ. ಬೆಳಗಿನ ಹತ್ತಕ್ಕೆ ನಮ್ಮ ನಾಟಕದ ಡ್ರೆಸ್ ಅಂಗಡಿಯೊಳಗೆ ಒಂದು ಪಟ್ಟಿ ಬಿಸಿಲು ಬರುತ್ತದೆ. ಹದಿನೈದು ನಿಮಿಷ, ಅಷ್ಟೇ. ಆಗ ಎಲ್ಲ ಕಿರೀಟಗಳೂ ಒಟ್ಟಿಗೆ ಹೊಳೆಯುತ್ತವೆ. ಆ ಹದಿನೈದು ನಿಮಿಷ ನಾನು ಕೆಲಸ ಮಾಡುವುದಿಲ್ಲ. ಸುಮ್ಮನೆ ಕೂರುತ್ತೇನೆ.

ಅಪ್ಪ ಇವತ್ತೂ ಬರಲಿಲ್ಲ. ಹತ್ತು ತಿಂಗಳಾಯಿತು.

ಹೋದ ಮಾರ್ಚ್‌ನಲ್ಲಿ ತೊಂಡೇಬಾವಿ ಕಡೆ ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕ. ಅಪ್ಪ ಕಟ್ಟಿದ ಕವಚ ಹಾಡಿನ ಮಧ್ಯೆ ಬಿಚ್ಚಿಕೊಂಡು ಹಾರ್ಮೋನಿಯಂ ಮೇಲೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ನಲವತ್ತು ವರ್ಷ ಪರದೆ ಹಿಂದೆ ವೇಷ ಕಟ್ಟಿದ ಡ್ರೆಸ್ ಮುನಿಗಂಗಪ್ಪ ಅವತ್ತು ತನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ಬೆರಳು ನಡುಗುತ್ತಿತ್ತು. ನರದ ತೊಂದರೆ ಅಂದರು ಡಾಕ್ಟರು. ಈಗ ಮಾತ್ರೆ ನುಂಗುತ್ತಾರೆ, ಟಿವಿ ನೋಡುತ್ತಾರೆ, ಅಂಗಡಿ ಅಂದರೆ ಮುಖ ತಿರುಗಿಸುತ್ತಾರೆ. ನನಗೆ ಬೇಕಿರುವುದು ಒಂದೇ. ಅವರು ಇನ್ನೊಂದು ಸಲ ಈ ಮೆಟ್ಟಿಲು ಹತ್ತಬೇಕು. ಬೇರೇನೂ ಬೇಡ.

ಮಧ್ಯಾಹ್ನ ಡಿಗ್ರಿ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಬಂದಿದ್ದರು. ಹೆಸರು ಚೈತನ್ಯ. ಆರಡಿ ಆಳು, ಬಾಗಿಲಿಗೆ ತಲೆ ಹೊಡೆಸಿಕೊಂಡೇ ಒಳಗೆ ಬಂದರು.

"ಬಾಹ್ಯಾಕಾಶದ ಕವಚ ಬಾಡಿಗೆಗೆ ಸಿಗುತ್ತಾ?"

"ಸರ್, ನಮ್ಮಲ್ಲಿ ದ್ವಾಪರಯುಗದವರೆಗೆ ಮಾತ್ರ ಸ್ಟಾಕು."

ನಕ್ಕರು. ತಾವೇ ನಾಟಕ ಬರೆದಿದ್ದಾರಂತೆ. ಇಸವಿ 3009. ಕೆಂಪು ಗ್ರಹ. ಎಲ್ಲರೂ ಸತ್ತು ಉಳಿದ ಕೊನೆಯ ಸೈನಿಕ. ಇಡೀ ನಾಟಕಕ್ಕೆ ಒಬ್ಬನೇ ಪಾತ್ರಧಾರಿ, ಅವರೇ. ಕೊನೆಗೆ ಸೈನಿಕ ಕವಚ ಕಳಚಿ ನೆಲದ ಮೇಲಿಟ್ಟು ಬರಿ ಅಂಗಿಯಲ್ಲಿ ಬೆಳಕಿನ ಕಡೆ ನಡೆದುಹೋಗುತ್ತಾನೆ. ಫೆಬ್ರವರಿ 15ಕ್ಕೆ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಸ್ಪರ್ಧೆ.

ಬಾಡಿಗೆಗಿಲ್ಲ, ಮಾಡಿಕೊಡುತ್ತೇನೆ ಅಂದುಬಿಟ್ಟೆ. ಬಾಯಿಗೆ ಬೀಗ ಇಲ್ಲ ನನಗೆ.

ಜನವರಿ 6

ಊಟಕ್ಕೆ ಕೂತಾಗ ಬೇಕಂತಲೇ ಮಾತು ತೆಗೆದೆ. ಅಪ್ಪ ಕಿವಿ ಕೇಳಿಸದವರ ಹಾಗೆ ಮುದ್ದೆ ಮುರಿಯುತ್ತಿದ್ದರು. ಆಮೇಲೆ ತಟ್ಟೆ ನೋಡುತ್ತಲೇ ಕೇಳಿದರು.

"ಯಾವ ಕಾಲದ ಕವಚ ಅಂದೆ?"

"ಇನ್ನೂ ಸಾವಿರ ವರ್ಷ ಆದ್ಮೇಲಿಂದು."

"ಅಷ್ಟೊತ್ತಿಗೂ ಮನುಷ್ಯಂಗೆ ಕವಚ ಬೇಕಾ? ಅಷ್ಟೂ ಬುದ್ಧಿ ಬಂದಿರಲ್ವಾ?"

ಬುದ್ಧನ ಪಟಕ್ಕೆ ಕೈಮುಗಿದು ಯುದ್ಧದ ಕಿರೀಟಕ್ಕೆ ಬಣ್ಣ ಹಚ್ಚಿದ ಮನುಷ್ಯ, ಮಗಳಿಗೆ ಸಂಘಮಿತ್ರ ಅಂತ ಹೆಸರಿಟ್ಟವರು. ಇನ್ನೇನು ಕೇಳಿಯಾರು. ಕೈ ತೊಳೆದು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡರು. ಆದರೂ ಕೇಳಿದರಲ್ಲ... ಅಷ್ಟು ಸಾಕು ಇವತ್ತಿಗೆ.

ಜನವರಿ 11. ಭಾನುವಾರ, ಸಂಜೆ 5

ಪ್ಯಾಟರ್ನ್ ಆಯಿತು. ಮೊದಲಿಂದ ಯೋಚಿಸಿ ತಲೆ ಕೆಟ್ಟು, ಕೊನೆಗೆ ಅಪ್ಪನ ಹಳೆಯ ರಾಜಕವಚವನ್ನೇ ಗೂಟದಿಂದ ಇಳಿಸಿದೆ. ಪೇಪರ್ ಮೇಲೆ ಹರಡಿ ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದೆ. ಎದೆ, ಪಕ್ಕೆ, ಬೆನ್ನು, ದಾರದ ತೂತು—ಎಲ್ಲ ಇದ್ದ ಹಾಗೇ. ಆರಡಿಗೆ ಬೇಕಾದಷ್ಟು ಉದ್ದ ಬಿಟ್ಟುಕೊಂಡೆ.

ಮೆಟೀರಿಯಲ್ಲು ಚಪ್ಪಲಿ ಅಂಗಡಿಯದು. ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸುವ ದೊಡ್ಡ ಶೀಟು. ಹಗುರ, ಬಾಗುತ್ತದೆ. ಹೇರ್ ಡ್ರೈಯರ್ ಹಿಡಿದೆ, ಏನೂ ಆಗಲಿಲ್ಲ. ಗ್ಯಾಸ್ ಒಲೆ ಮೇಲೆ ದೂರದಿಂದ ಆಡಿಸಿದೆ. ಮೆತ್ತಗಾಯಿತು. ತಕ್ಷಣ ಸ್ಟೀಲ್ ಬಿಂದಿಗೆ ಮೇಲೆ ಒತ್ತಿ ಹಿಡಿದು ನೂರು ಎಣಿಸಿದೆ. ಕೈ ಬಿಟ್ಟರೆ... ಭುಜ! ಉಬ್ಬಿದ, ದುಂಡನೆಯ, ಯಾರದೋ ಭುಜ. ನಾನೇ ಕಿರುಚಿಬಿಟ್ಟೆ.

"ನೀರು ತರೋ ಬಿಂದಿಗೆಗೆ ಚಪ್ಪಲಿ ಮೆತ್ತುತಾವ್ಳೆ, ನೋಡ್ರೀ ನಿಮ್ಮ ಮಗಳ್ನ!" ಅಮ್ಮ ಕೂಗಿದಳು. ಅಪ್ಪ ಎದ್ದು ಬರಲಿಲ್ಲ. ಆದರೆ ಟಿವಿ ಸೌಂಡ್ ಕಮ್ಮಿಯಾಯಿತು.

ಜನವರಿ 14. ಸಂಕ್ರಾಂತಿ

ಎಳ್ಳು ಬೀರುವುದಕ್ಕೆ ಹೋಗಲಿಲ್ಲ. ತುಂಡು ಜೋಡಿಸಿದೆ. ಸೈಕಲ್ ಟ್ಯೂಬಿಗೆ ಹಾಕುವ ಸಲ್ಯೂಷನ್ ಎರಡೂ ಅಂಚಿಗೆ ಸವರಿ, ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಒತ್ತಬೇಕು. ಮೊದಲೇ ಒತ್ತಿದರೆ ಜಾರುತ್ತದೆ. ಈ ಹತ್ತು ನಿಮಿಷ ಕಾಯುವುದೇ ಕಷ್ಟ.

ಆ ವಾಸನೆಗೋ ಏನೋ, ಗೋಡೆಗೊರಗಿ ಕಣ್ಣು ಮುಚ್ಚಿದಾಗ ನಾನು ಎಲ್ಲೋ ಇದ್ದೆ. ಕೆಂಪು ಮಣ್ಣು, ಸದ್ದಿಲ್ಲ, ಗಾಳಿಯಿಲ್ಲ. ದೂರದಲ್ಲಿ ನಮ್ಮ ಅಂಗಡಿಯ ಷಟರ್ ಅರ್ಧ ತೆರೆದು ನಿಂತಿತ್ತು. ಒಳಗಿಂದ ಬೆಳಕು. ಯಾರೋ ಕೂತು ಹೊಲಿಯುತ್ತಿದ್ದರು. ಮುಖ ಕಾಣಿಸಲಿಲ್ಲ. ನಾನು ನಡೆದಷ್ಟೂ ಅಂಗಡಿ ಅಷ್ಟೇ ದೂರ. ಎಚ್ಚರವಾದಾಗ ಸಲ್ಯೂಷನ್ ಪೂರ್ತಿ ಒಣಗಿಹೋಗಿತ್ತು. ಮತ್ತೆ ಸವರಿದೆ.

ಜನವರಿ 23

ಎಲ್ಲ ಹಾಳು. ಸಿಲ್ವರ್ ಪೇಂಟ್ ಹೊಡೆದೆ—ಗೇಟಿಗೆ ಹೊಡೆಯುವುದು. ಶೀಟು ಬಣ್ಣ ಕುಡಿದು ಮಂಕಾಯಿತು. ಮೊಣಕೈ ಮಡಿಸಿದರೆ ಬಿರುಕು. ಅತ್ತುಬಿಟ್ಟೆ. ಹೌದು, ಅತ್ತೆ, ಯಾರು ಓದುತ್ತಾರೆ ಇದನ್ನ.

ಒಡೆದ ತುಂಡನ್ನು ಮನೆ ಜಗಲಿ ಮೇಲೆ ಎಸೆದು, "ಗೊತ್ತಿರೋರು ಟಿವಿ ಮುಂದೆ ಕೂತವ್ರೆ, ಗೊತ್ತಿಲ್ದೋಳು ಸಾಯ್ತಾವ್ಳೆ" ಅಂತ ಗೋಡೆಗೆ ಕೇಳುವ ಹಾಗೆ ಬೈದೆ. 

ಜನವರಿ 25. ಭಾನುವಾರ

ಬೆಳಿಗ್ಗೆ ಜಗಲಿಯಲ್ಲಿ ಅದೇ ತುಂಡು. ಮೇಲೆ ಯಾರೋ ತೆಳುವಾದ ಮಲ್ಲಿನ ಬಟ್ಟೆ ಅಂಟಿಸಿದ್ದಾರೆ. ಮೂಸಿದೆ. ಹುಣಸೆಬೀಜದ ಅಂಟು! ಅಪ್ಪನ ಕಿರೀಟಗಳೆಲ್ಲ ನಿಂತಿರುವುದೇ ಅದರ ಮೇಲೆ. ಬಟ್ಟೆ ಅಲ್ಲಲ್ಲಿ ಸುಕ್ಕು. ನಡುಗುವ ಕೈಯ ಸುಕ್ಕು. ಮಡಿಸಿದೆ, ಬಿಚ್ಚಿದೆ, ಮಡಿಸಿದೆ. ಬಿರುಕಿಲ್ಲ.

"ಯಾರು ಮಾಡಿದ್ದಮ್ಮ?"

"ನನ್ನ ಯಾಕೆ ಕೇಳ್ತೀಯ? ನಾನು ಬೀಜ ಹುರಿದು ಕೊಟ್ಟೆ ಅಷ್ಟೇಯ."

ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು. ಬೆನ್ನು ಮುಟ್ಟಬೇಕು ಅನ್ನಿಸಿತು. ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲವೋ.

ಫೆಬ್ರವರಿ 4

ಬಟ್ಟೆ, ಹುಣಸೆ ಅಂಟು, ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್ ಮೂರು ಕೋಟು, ಆಮೇಲೆ ಸಿಲ್ವರ್. ಸಂದಿಗಳಿಗೆ ಕಪ್ಪು ಹಚ್ಚಿ ಚಿಂದಿಯಲ್ಲಿ ಒರೆಸಿದೆ. ಸಾವಿರ ವರ್ಷ ಹಳೆಯದಾಯಿತು. ಹೆಲ್ಮೆಟ್ಟಿನ ಗಾಜಿಗೆ ಅಮ್ಮನ ಮಂಡಿಯ ಎಕ್ಸ್‌ರೇ ಫಿಲ್ಮು—ಬ್ಲೀಚಿಂಗ್ ನೀರಲ್ಲಿ ತೊಳೆದರೆ ಮಂಡಿ ಹೋಗಿ ತಿಳಿ ನೀಲಿ ಉಳಿಯಿತು.

ಸಂಜೆ ಷಟರ್ ಅರ್ಧ ಎಳೆದು ನಾನೇ ತೊಟ್ಟೆ. ಬೆನ್ನಿನ ದಾರ ಕಟ್ಟಿಕೊಳ್ಳಲು ಆಗಲಿಲ್ಲ, ಸುಮ್ಮನೆ ಇಳಿಬಿಟ್ಟೆ. ನೀಲಿಯೊಳಗಿಂದ ನೋಡಿದರೆ ಅಂಗಡಿ ನೀರಿನೊಳಗಿತ್ತು. ಕಿರೀಟಗಳು ತೇಲುತ್ತಿದ್ದವು. ನನ್ನ ಉಸಿರು ನನಗೇ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ.

ಫೆಬ್ರವರಿ 8. ಭಾನುವಾರ

ಕೈವಾರದ ಬೆಟ್ಟದ ಬಂಡೆಗಳ ಮೇಲೆ ಟೆಸ್ಟ್. ಬೆಳಿಗ್ಗೆ ಏಳಕ್ಕೆ. ಚೈತನ್ಯ ಸರ್ ತೊಟ್ಟರು, ನಾನು ಹಿಂದೆ ನಿಂತು ಕಟ್ಟಿದೆ. ಐದು ಗಂಟು. ಒಂದೊಂದೂ ಎರಡೆರಡು ಸುತ್ತು, ಒದ್ದೆ ಮಾಡಿ ಎಳೆದು. ಅಪ್ಪನಿಗೆ ಆದದ್ದು ನನ್ನ ಕೈಯಲ್ಲಿ ಆಗಬಾರದು. ಬಿಸಿಲು ಬಿದ್ದಾಗ ಆ ಮನುಷ್ಯ ಮನುಷ್ಯನಾಗಿ ಕಾಣಲಿಲ್ಲ. ಎಲ್ಲಿಂದಲೋ ಇಳಿದು ದಾರಿ ತಪ್ಪಿದವನು.

ದೇವಸ್ಥಾನಕ್ಕೆ ಬಂದಿದ್ದ ಒಬ್ಬ ಅಜ್ಜಿ, ಮುನಿಶಾಮಮ್ಮ ಅಂತೆ, ಬಂಡೆ ಹತ್ತಿ ಬಂದು ಕೈಮುಗಿದು, ಇದು ಯಾವ ದೇವರು ಅಂತ ತೆಲುಗಿನಲ್ಲಿ ಕೇಳಿದಳು.

"ಏ ದೇವುಡಮ್ಮಾ ಇದಿ?"

"ದೇವರಲ್ಲಜ್ಜಿ, ಸೈನಿಕ. ಮುಂದೆ ಬರೋನು."

"ಮುಂದೆ ಬರೋನಾ? ಹಂಗಾದ್ರೆ ಈಗ್ಲೇ ಕೈ ಮುಗಿದಿರ್ತೀನಿ ಬಿಡಮ್ಮ" ಅಂತ ಎರಡು ಬಾಳೆಹಣ್ಣು ಅವರ ಕೈಗಿಟ್ಟು ಹೋದಳು. ಸೈನಿಕ ಹಣ್ಣು ಸುಲಿಯಲು ಆಗದೆ ಗ್ಲೌಸ್ ಕೈಯಲ್ಲಿ ಹಿಡಿದು ನಿಂತಿದ್ದರು. ನಾನೇ ಸುಲಿದುಕೊಟ್ಟೆ. ಆಮೇಲೆ ಗಂಟೂ ನಾನೇ ಬಿಚ್ಚಿದೆ. ಉಗುರು ಮುರಿಯಿತು.

ಫೆಬ್ರವರಿ 13

ಕಾಲೇಜಿನಲ್ಲಿ ಫುಲ್ ಡ್ರೆಸ್ ರಿಹರ್ಸಲ್. ಕೊನೆಯ ದೃಶ್ಯಕ್ಕೆ ಮುಂಚೆ ಕರೆಂಟು ಹೋಯಿತು. ಅರ್ಧ ಗಂಟೆ ಕಾದು ಎದ್ದೆವು. "ಕೊನೇದು ಬಿಡಿ, ಸುಲಭ. ಬಿಚ್ಚಿಡೋದು, ಹೋಗೋದು" ಅಂದರು ಸರ್. ನಾನೂ ಹೌದು ಅಂದೆ.

ಅಪ್ಪ ಕವಚದ ಮೂಟೆ ನೋಡಿ, "ಬಸ್ಸಲ್ಲಿ ಬಣ್ಣ ಉಜ್ಜೋಗುತ್ತೆ, ಹಳೇ ಸೀರೆ ಸುತ್ತು" ಅಂದರು. ಹಾಗಾದರೆ ನೀವೇ ಬಂದು ಹಿಡಿದುಕೊಳ್ಳಿ ಅಂದೆ. 

ಫೆಬ್ರವರಿ 15. ಭಾನುವಾರ. ಮನೆಗೆ ಬಂದು

ನಿಧಾನ ಬರೆಯಬೇಕು. ಒಂದೂ ಬಿಡಬಾರದು.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನಗಿಂತ ಮೊದಲೇ ನಿಂತಿದ್ದರು. ಬಿಳಿ ಪಂಚೆ, ಹೆಗಲಿಗೆ ಟವೆಲು. ಚಿಕ್ಕಬಳ್ಳಾಪುರದವರೆಗೂ ಮೂಟೆ ತೊಡೆ ಮೇಲೆ.  ಅಲ್ಲಿ ಸ್ಟೇಜಿನ ಸೈಡ್ ವಿಂಗ್‌ನಲ್ಲಿ ಒಂದು ಸ್ಟೂಲಿನ ಮೇಲೆ ಕೂತರು. ನಾನು ಸರ್ ಬೆನ್ನಿಗೆ ಗಂಟು ಹಾಕುವಾಗ ನನ್ನ ಬೆರಳನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ನಮ್ಮದು. ಕೆಂಪು ಲೈಟು ಬಿತ್ತು. ಹಾಲ್ ತುಂಬ ಕಾಲೇಜು ಹುಡುಗರು—ಮೊದಲು ಶಿಳ್ಳೆ, ಆಮೇಲೆ ತಣ್ಣಗೆ. ಕವಚ ನಿಜವಾಗಿಯೂ ಸಾವಿರ ವರ್ಷ ನಡೆದು ಬಂದಂತಿತ್ತು. ನಾನು ಮಾಡಿದ್ದು! ಬಿಂದಿಗೆ ಮೇಲೆ ಮಾಡಿದ್ದು!

ಕೊನೆಯ ದೃಶ್ಯ. ಸರ್ ಹೆಲ್ಮೆಟ್ ತೆಗೆದರು. "ಯಾರಾದರೂ ಇದ್ದೀರಾ? ನಾನೊಬ್ಬನೇ ಉಳಿದೆ!" ಅಂತ ಮೂರು ಸಲ ಕೂಗಿದರು. ಗ್ಲೌಸ್ ಬಿಸಾಡಿದರು. ಕವಚಕ್ಕೆ ಕೈ ಹಾಕಿದರು.

ಆಗ ಗೊತ್ತಾಯಿತು.

ಬೆನ್ನಿನ ಗಂಟು. ನಮ್ಮ ಅಂಗಡಿಯ ಎಲ್ಲ ಕವಚಕ್ಕೂ ದಾರ ಬೆನ್ನಿಗೇ. ಕಟ್ಟುವವನು ಒಬ್ಬ ಹಿಂದೆ ಇದ್ದೇ ಇರುತ್ತಾನೆ, ಪಾತ್ರಧಾರಿ ತಾನೇ ಬಿಚ್ಚಿಕೊಳ್ಳುವ ಪ್ರಶ್ನೆಯೇ ಬಂದಿಲ್ಲ ನಲವತ್ತು ವರ್ಷ. ನಾನು ಗೆರೆ ಎಳೆದದ್ದು ಅದರ ಮೇಲೆ. ಕಣ್ಣಿದ್ದೂ ಕುರುಡಿ. ಈ ಸೈನಿಕನ ಹಿಂದೆ ಯಾರೂ ಇಲ್ಲ, ಎಲ್ಲರೂ ಸತ್ತಿದ್ದಾರೆ!

ಸರ್ ಹಿಂದಕ್ಕೆ ಕೈ ಚಾಚಿದರು. ತಿರುಚಿದರು. ದಾರ ಸಿಕ್ಕಿತು, ಗಂಟು ಬಿಚ್ಚಲಿಲ್ಲ. ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಅದೇ ನಗು, ತೊಂಡೇಬಾವಿಯದು. ನಾನು ಅಪ್ಪನ ಕಡೆ ತಿರುಗಿದೆ.

ಪಕ್ಕದ ಸ್ಟೂಲು ಖಾಲಿ.

ಅಪ್ಪ ನಡೆದು ಹೋಗುತ್ತಿದ್ದರು. ಪಂಚೆ, ಟವೆಲು, ಬರಿಗಾಲು—ಕೆಂಪು ಬೆಳಕಿನೊಳಗೆ. ಜೀವಮಾನದಲ್ಲಿ ಪರದೆ ದಾಟದವರು. ಸೈನಿಕನ ಹಿಂದೆ ಹೋಗಿ ನಿಂತು ಗಂಟಿಗೆ ಕೈಯಿಟ್ಟರು. ಬೆರಳು ನಡುಗುವುದು ಕೊನೆಯ ಸಾಲಿಗೂ ಕಾಣುತ್ತಿತ್ತು. ಬಿಚ್ಚಲಿಲ್ಲ. ಬಾಗಿ, ಹಲ್ಲಿನಲ್ಲಿ ಕಚ್ಚಿ ಎಳೆದರು. ಒಂದು. ಎರಡು. ನಗು ನಿಂತುಹೋಯಿತು. 

ಸರ್ ತಿರುಗದೆ, ಮೆಲ್ಲಗೆ, ಪಾತ್ರದಲ್ಲೇ ಕೇಳಿದರು. "ಯಾರು ನೀವು?"

ಅಪ್ಪ ಮೂರನೆಯ ಗಂಟು ಬಿಚ್ಚಿ ತಲೆ ಎತ್ತಿದರು.

"ನಾನೊಬ್ನೇ ಉಳಿದೆ ಅಂತ ಕೂಗ್ತಾ ಇದ್ದೆಯಲ್ಲಪ್ಪ. ಕೇಳುಸ್ತು, ಬಂದೆ."

ಆಮೇಲೆ ಇನ್ನೆರಡು ಗಂಟು. ಕವಚ ಇಳಿಸಿ, ಮಗು ಮಲಗಿಸುವ ಹಾಗೆ ನೆಲಕ್ಕಿಟ್ಟು, ಟವೆಲಿನಲ್ಲಿ ಸರ್ ಕತ್ತಿನ ಬೆವರು ಒರೆಸಿದರು. ಡ್ರೆಸ್ಸಿನವರು ಯಾವಾಗಲೂ ಮಾಡುವುದು ಅದನ್ನೇ. ಇಬ್ಬರೂ ಬೆಳಕಿನ ಕಡೆ ನಡೆದರು. ಕೆಲವರು ಅಳುತ್ತಿದ್ದರು. ನಾನಂತೂ ಬಿಡು, ಬಾಯಿಗೆ ಸೆರಗು ತುರುಕಿಕೊಂಡಿದ್ದೆ.

ಬಹುಮಾನ ಬರಲಿಲ್ಲ. ಅರ್ಜಿಯಲ್ಲಿ ಒಬ್ಬನೇ ಪಾತ್ರಧಾರಿ ಅಂತ ಬರೆದು ಇಬ್ಬರನ್ನು ತಂದಿದ್ದೀರಿ ಅಂದರು ತೀರ್ಪುಗಾರರು. ನಿಯಮವಂತೆ. ಹೋಗಲಿ.

ವಾಪಸ್ ಬಸ್ಸಿನಲ್ಲಿ ಕ್ಷಮಿಸಿ ಅಪ್ಪ ಅಂದೆ. ದಾರದ ವಿಷಯ ಹೊಳೆಯಲೇ ಇಲ್ಲ ಅಂದೆ.

"ನಂಗೂ ಹೊಳೀಲಿಲ್ಲ ಕಣಮ್ಮ. ಮೂಟೆ ತೊಡೆ ಮೇಲೇ ಇತ್ತು, ಎರಡು ಗಂಟೆ." ಶಿಡ್ಲಘಟ್ಟ ದಾಟುವವರೆಗೂ ಕಿಟಕಿ ಆಚೆ ನೋಡಿದರು. ಆಮೇಲೆ, "ಗಂಟು ಮಾತ್ರ ಚೆನ್ನಾಗಿ ಹಾಕಿದ್ದೆ ನೀನು" ಅಂದರು.

ಫೆಬ್ರವರಿ 16. ಸೋಮವಾರ. ಬೆಳಿಗ್ಗೆ 9.30

ಅಂಗಡಿಗೆ ಬಂದರೆ ಷಟರ್ ಆಗಲೇ ತೆರೆದಿತ್ತು.  ಒಳಗೆ ಅಪ್ಪ, ಚಾಪೆ ಮೇಲೆ, ಕನ್ನಡಕ ಮೂಗಿನ ತುದಿಗೆ. ಸುತ್ತ ಚಪ್ಪಲಿ ಶೀಟಿನ ಚೂರು, ಹಳೆಯ ಸ್ಕೂಲ್ ಬ್ಯಾಗಿನಿಂದ ಕಿತ್ತ ಬಕಲ್ಲುಗಳು. ನಾನು ಬಾಗಿಲಲ್ಲೇ ನಿಂತೆ. ಕನಸಾ ಅನ್ನಿಸಿತು. ಮಾತಾಡಿದರೆ ಎಲ್ಲಿ ಹೋಗಿಬಿಡುತ್ತಾರೋ ಅಂತ ಸುಮ್ಮನೆ ಮೂಲೆಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ.

"ಪಕ್ಕಕ್ಕೆ ಬಕಲ್ ಬರಬೇಕು. ಒಬ್ರೇ ಹಾಕ್ಕೊಂಡು ಒಬ್ರೇ ಬಿಚ್ಚೋ ಥರ" ಅಂತಿದ್ದಾರೆ, ನನಗೋ ಚೂರುಗಳಿಗೋ.

ಯಾರಿಗಪ್ಪ ಅಂದೆ.

ಅಳತೆ ಟೇಪು ಕೊಡವಿಕೊಂಡು ಎದ್ದರು. ಊರವರಿಗೆಲ್ಲ ಅಳತೆ ತೆಗೆದವರು, ನನಗೆ ಯಾವತ್ತೂ ತೆಗೆದಿಲ್ಲ. ಟೇಪಿನ ತುದಿ ನಡುಗುತ್ತಿದೆ. ನಡುಗಲಿ.

"ಬರೆದದ್ದು ಸಾಕು, ಏಳು. ಕೈ ಚಾಚು" ಅಂತಿದ್ದಾರೆ. ಚಾಚಿದರೆ ಬರೆಯುವುದು ಹೇ—