‘ಯಾರೂ ಇಲ್ಲ’ ಎಂಬುದನ್ನು ‘ಯಾರಿಗೂ ಇಲ್ಲ’ ಎಂದು ಬರೆದುಕೊಂಡವರಿಗೆ

ಮಾನ್ಯ ವೈದ್ಯಾಧಿಕಾರಿಗಳೇ,

ನನ್ನನ್ನು ಕ್ರೇನಿನ ಕ್ಯಾಬಿನ್ನಿನಿಂದ ಕೆಳಗಿಳಿಸಿದ ತಮ್ಮ ಆದೇಶದಲ್ಲಿ ಎರಡು ತಪ್ಪುಗಳಿವೆ. ಒಂದು ದಿನಗಳ ಲೆಕ್ಕದ್ದು, ಇನ್ನೊಂದು ಕಿವಿಯದ್ದು. ಇದನ್ನು ತಿಳಿಸಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಸ್ವೀಕೃತ’ ಎಂಬ ಮೊಹರು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಮೊಹರಿನ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಹತ್ತು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಸರಕು ಬಂದರಿನ ಮೂರನೇ ನಂಬರಿನ ಕ್ರೇನನ್ನು ಇಪ್ಪತ್ತಾರು ವರ್ಷ ನಡೆಸಿದವನು. ತೊಂಬತ್ತೆಂಟು ಮೆಟ್ಟಿಲು ಹತ್ತಿದರೆ ನನ್ನ ಗಾಜಿನ ಕ್ಯಾಬಿನ್. ಇಷ್ಟು ವರ್ಷಗಳಲ್ಲಿ ಒಂದು ಕಂಟೇನರನ್ನೂ ಜಾರಿಸಿದವನಲ್ಲ. ತಮ್ಮ ಆದೇಶ ಹೇಳುತ್ತದೆ: ‘ಕುಟುಂಬದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ಆದಕಾರಣ ವಂಶವಾಹಿ ಕಾರಣವಲ್ಲ. ಇದು ಸಂಪೂರ್ಣವಾಗಿ ಆಹಾರದ ಅಶಿಸ್ತು. ಎತ್ತರದ ಕೆಲಸಕ್ಕೆ ಶಾಶ್ವತವಾಗಿ ಅನರ್ಹ.’ ಎಂಥ ತರ್ಕ! ಒಂದೇ ಕೊರತೆ ಎಂದರೆ ಮೊದಲ ವಾಕ್ಯವೇ ಸುಳ್ಳು.

ತಪಾಸಣೆಯ ದಿನ ತಾವು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಿರಿ, “ಮನೇಲಿ ಯಾರಿಗಾದ್ರೂ ಇದೆಯೇನಪ್ಪಾ?” ನಾನು ಅರ್ಧ ಪ್ರಶ್ನೆಗೇ ಉತ್ತರ ಕೊಟ್ಟುಬಿಟ್ಟೆ. “ಮನೇಲಿ ಯಾರೂ ಇಲ್ಲ ಸರ್.” ತಾವು “ಒಳ್ಳೇದು” ಎಂದು ಟೈಪ್ ಮಾಡಿಕೊಂಡಿರಿ. ಮನೆಯಲ್ಲಿ ಯಾರೂ ಇಲ್ಲ ಎಂದವನಿಗೆ ಒಳ್ಳೇದು ಎನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ದಾಟಿದ ಮೇಲೂ ತಿರುಗಿ ನೋಡಿದೆ. ಅಷ್ಟರಲ್ಲಿ ತಾವು ಮುಂದಿನವರನ್ನು ಕರೆದಾಗಿತ್ತು.

ಈಗ ಪೂರ್ತಿ ಉತ್ತರ ಹೇಳುತ್ತೇನೆ, ಬರೆದುಕೊಳ್ಳಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕನಿಗೂ ಇತ್ತು. ಅಕ್ಕ ಹೊಲಿಗೆ ಮಾಡುತ್ತಿದ್ದಳು, ಇಬ್ಬರೂ ಮದುವೆಯಾಗಲಿಲ್ಲ, ಒಂದೇ ಮನೆಯಲ್ಲಿ ಬದುಕಿದೆವು. ತನಗೆ ಏನು ಬೇಯಿಸಿಕೊಳ್ಳುತ್ತಿದ್ದಳೋ ಅದನ್ನೇ ನನ್ನ ಡಬ್ಬಿಗೂ ತುಂಬುತ್ತಿದ್ದಳು. ಸೊಪ್ಪು, ಬೇಳೆ, ಮೊಟ್ಟೆ, ಲೆಕ್ಕಕ್ಕೆ ಸಿಗದಷ್ಟು ಬೀನ್ಸ್. “ಏನಕ್ಕಾ, ನಾನೇನು ಹಸುವಾ?” ಎಂದರೆ, “ಹಸು ಆದ್ರೆ ಇಷ್ಟೊತ್ತಿಗೆ ಸುಮ್ನೆ ತಿಂದಿರ್ತಿತ್ತು,” ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷವೂ ನನ್ನ ವಾರ್ಷಿಕ ತಪಾಸಣೆಯ ವರದಿ ಚೊಕ್ಕವಾಗಿತ್ತು. ಆ ಕಾಗದಗಳು ತಮ್ಮ ಕಪಾಟಿನಲ್ಲೇ ಇವೆ.

ತಮ್ಮ ತಪಾಸಣೆಗೆ ಹನ್ನೊಂದು ವಾರ ಮುಂಚೆ ಒಂದು ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ತೀರಿಕೊಂಡಳು. ಆಮೇಲೆ ನಾನು ತಿಂದದ್ದನ್ನು ಮುಚ್ಚಿಡುವುದಿಲ್ಲ. ಬನ್ನು, ಜಾಮು, ದಿನಕ್ಕೆ ಆರು ಲೋಟ ಸಿಹಿ ಟೀ. ಒಲೆ ಹಚ್ಚಲು ಎರಡು ಸಲ ಹೋದೆ. ಒಬ್ಬನಿಗೆ ಎಷ್ಟು ಬೇಳೆ ಹಾಕಬೇಕು ಎಂದು ಗೊತ್ತಾಗಲಿಲ್ಲ, ಕೇಳೋಣವೆಂದರೆ ಗೊತ್ತಿದ್ದವಳೇ ಇರಲಿಲ್ಲ. ಡಬ್ಬಿಯನ್ನು ದಿನಾ ತೊಳೆದು ಖಾಲಿಯಾಗಿಯೇ ಮೇಲಕ್ಕೆ ಒಯ್ಯುತ್ತಿದ್ದೆ. ಇದನ್ನು ಅಶಿಸ್ತು ಎನ್ನುತ್ತೀರಾ? ತಮ್ಮ ನಮೂನೆಯಲ್ಲಿ ತಂಬಾಕಿಗೆ ಒಂದು ಕಾಲಂ ಇದೆ, ಮದ್ಯಕ್ಕೆ ಇನ್ನೊಂದು. ‘ಈ ಮೂರು ತಿಂಗಳಲ್ಲಿ ಏನಾಯಿತು?’ ಎಂದು ಕೇಳಲು ಒಂದು ಗೆರೆಯಷ್ಟೂ ಜಾಗವಿಲ್ಲ.

ಮೂರು ತಿಂಗಳು ಯಾಕೆಂದು ನನಗೆ ತಿಳಿಸಿದವರು ತಾವಲ್ಲ. ವರದಿ ತರಲು ಹೋದಾಗ ಪ್ರಯೋಗಾಲಯದ ಹೆಣ್ಣುಮಗಳು ಕೂರಿಸಿ ಹೇಳಿದಳು. “ಕೆಂಪು ರಕ್ತಕಣದಲ್ಲಿರೋ ಪ್ರೋಟೀನಿಗೆ ಸಕ್ಕರೆ ಅಂಟ್ಕೊಳ್ಳುತ್ತೆ ಅಣ್ಣಾ. ಗಟ್ಟಿಯಾಗಿ ಅಂಟಿದ್ರೆ ಆ ಕಣ ಸಾಯೋತನಕ ಬಿಡಲ್ಲ. ಕಣದ ಆಯಸ್ಸು ಸುಮಾರು ನೂರಿಪ್ಪತ್ತು ದಿನ. ಅದಕ್ಕೇ ಈ ಪರೀಕ್ಷೇಲಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಗೊತ್ತಾಗುತ್ತೆ.” ಹಾಗಾದರೆ ಅಮ್ಮನಿಂದ ಬಂದ ಜೀನು ಇಷ್ಟು ದಿನ ಎಲ್ಲಿ ಮಲಗಿತ್ತಮ್ಮ ಎಂದೆ. ಅವಳು ಅಲ್ಲಿದ್ದ ಬ್ಯಾಂಡೇಜಿನ ಸುರುಳಿ ಎತ್ತಿಕೊಂಡಳು. “ಬೇರೆ ಕೋಶಗಳ ಒಳಗೆ ಜೀನು ಹೀಗೆ ಪ್ರೋಟೀನಿಗೆ ಸುತ್ಕೊಂಡಿರುತ್ತೆ. ನಾವು ತಿಂದಿದ್ರಲ್ಲಿ ಬರೋ ಚೂರುಗಳು ಆ ಪ್ರೋಟೀನಿಗೂ ಅಂಟ್ತವೆ, ಬಿಡ್ತವೆ. ಸುತ್ತು ಸಡಿಲ ಆದ ಕಡೆ ಕೋಶ ಓದ್ಕೊಳ್ಳುತ್ತೆ, ಬಿಗಿ ಇದ್ದ ಕಡೆ ಓದಲ್ಲ. ಜೀನು ಬದಲಾಗಲ್ಲ. ಯಾವುದನ್ನ ಎಷ್ಟು ಓದ್ಬೇಕು ಅನ್ನೋದು ಬದಲಾಗುತ್ತೆ. ಊಟ ಒಂದೇ ಕಾರಣ ಅಲ್ಲ, ಆದ್ರೆ ಅದೂ ಒಂದು.” ದಾರದ ಜೊತೆ ಬದುಕಿದವಳ ತಮ್ಮನಿಗೆ ಇದು ಅರ್ಥವಾಗದೆ ಇರುತ್ತದೆಯೇ? ವಂಶವಾಹಿ ಒಂದು ಪೆಟ್ಟಿಗೆ, ಊಟ ಇನ್ನೊಂದು ಪೆಟ್ಟಿಗೆ ಎಂದು ಬೇರೆ ಮಾಡಿ ಟಿಕ್ ಹಾಕಿದ ತಮಗೆ ಅರ್ಥವಾಗಿಲ್ಲ ಎಂಬುದೇ ನನ್ನ ಆಶ್ಚರ್ಯ.

ಮರುದಿನವೇ ಒಲೆ ಹಚ್ಚಿದೆ. ಮೊದಲ ವಾರ ಬೇಳೆ ಸೀದಿತು, ಎರಡನೆಯ ವಾರ ತಿನ್ನುವಂತಾಯಿತು. ಈಗ ಇಪ್ಪತ್ತೈದು ದಿನವಾಗಿದೆ. ಹಗಲೆಲ್ಲ ಸ್ಟೋರಿನಲ್ಲಿ ಕೂತು ನಟ್ಟು, ಬೋಲ್ಟು ವಿಂಗಡಿಸುತ್ತೇನೆ. ಸುತ್ತ ನಾಲ್ಕು ಜನ ಇದ್ದಾರೆ, ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಕ್ಯಾಬಿನ್ನಿನಲ್ಲಿ ಒಬ್ಬನೇ ಇರುವುದು ನನ್ನ ಕೆಲಸವಾಗಿತ್ತು, ಯಾರೂ ಅದಕ್ಕೆ ಮರುಗುತ್ತಿರಲಿಲ್ಲ. ಇಲ್ಲಿ ಒಬ್ಬನೇ ಇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ನನಗೂ ತಡೆಯಲಾಗುತ್ತಿಲ್ಲ.

ನನ್ನ ಬೇಡಿಕೆ ಇಷ್ಟೆ. ಕುಟುಂಬದ ಕಾಲಂ ತಿದ್ದಿ. ‘ಶಾಶ್ವತವಾಗಿ’ ಎಂಬ ಪದ ಹೊಡೆದುಹಾಕಿ. ನಾನು ಒಲೆ ಹಚ್ಚಿದ ದಿನದಿಂದ ನೂರಿಪ್ಪತ್ತು ದಿನ ಎಣಿಸಿ, ಬನ್ನು ಜಾಮಿನ ಕಾಲದ ಕಣಗಳೆಲ್ಲ ತೀರಿದ ಮೇಲೆ ಕರೆದು ಮತ್ತೆ ರಕ್ತ ತೆಗೆಯಿರಿ. ಆ ದಿನ ವರದಿ ಚೊಕ್ಕವಾಗಿಯೇ ಬರುತ್ತದೆಂದು ನಂಬಿದ್ದೇನೆ. ಒಂದು ಸಂಗತಿ ಮಾತ್ರ ತಮ್ಮ ಯಂತ್ರಕ್ಕೆ ಕಾಣುವುದಿಲ್ಲ. ಅಕ್ಕ ಬಡಿಸಿದ ಊಟದಿಂದ ಹುಟ್ಟಿದ ಕೊನೆಯ ಕಣಗಳು ಇನ್ನು ಎರಡು ವಾರವಷ್ಟೇ ನನ್ನ ಮೈಯಲ್ಲಿರುತ್ತವೆ. ಪ್ರಯೋಗಾಲಯದವಳನ್ನು ಕೇಳಿ ಖಚಿತ ಮಾಡಿಕೊಂಡೆ, ಅವಳು ಬೆರಳು ಮಡಚಿ ಎಣಿಸಿ ಹೌದೆಂದಳು. ತಾವು ಮುಂದೆ ಪರೀಕ್ಷಿಸಲಿರುವುದು ನಾನೊಬ್ಬನೇ ಬೇಯಿಸಿಕೊಂಡು ತಿಂದದ್ದರಿಂದ ಹುಟ್ಟಿದ ರಕ್ತವನ್ನು. ಅದಕ್ಕೆ ಶಿಸ್ತು ಎಂದು ಹೆಸರಿಡುವುದಾದರೆ ಇಡಿ, ನನ್ನ ಕ್ಯಾಬಿನ್ ನನಗೆ ಕೊಡಿ. ನನಗೆ ಹೋಗಲು ಬೇರೆ ಜಾಗವಿಲ್ಲ.

ಇಂತಿ,
ತಮ್ಮ ಕಡತದ ಅಶಿಸ್ತಿನ ಮನುಷ್ಯ,
ಸದ್ಯ ನೆಲದ ಮೇಲೆ