ರೊಟ್ಟಿ ಬಡಿಯುವಾಗ ಕೇಳಿದ ಭಾಷಣ

ನೆಲೋಗಿ
21 ಜುಲೈ 2025, ಸೋಮವಾರ

ನನ್ನ ಮುದ್ದಿನ ಐಶ್ವರ್ಯಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಬರೀ ಚಹಾ ಕುಡಿದು ಮಲಗಬೇಡ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ನಿನ್ನ ಅಪ್ಪ ತೀರಿಹೋಗಿ ಎರಡು ತಿಂಗಳಾಗುತ್ತ ಬಂತು, ಆದರೂ ಫೋನಿನಲ್ಲಿ ಅವರ ಮಾತು ಬಂದರೆ ಇಬ್ಬರೂ ಅಳುತ್ತೇವೆ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಇವತ್ತು ದಿನಾ ಬರೆಯುವ ಡೈರಿ ಪಕ್ಕಕ್ಕಿಟ್ಟು ನಿನಗೆ ಬರೆಯುತ್ತಿದ್ದೇನೆ.

ನಿನ್ನೆ ಜೇವರ್ಗಿಯಲ್ಲಿ ಅಪ್ಪನ ನುಡಿನಮನ ಇತ್ತು. ನನ್ನನ್ನು ವೇದಿಕೆಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಆ ಸೆಕೆಯಲ್ಲಿ ಶಾಲು! ಬುಟ್ಟಿ ಇಡಲು ಜಾಗವಿಲ್ಲದೆ ತೊಡೆಯ ಮೇಲೇ ಇಟ್ಟುಕೊಂಡು ಕೂತೆ. ಮಠದ ಕಡೆಯ ವಿಶ್ವಾರಾಧ್ಯರು ಎದ್ದು, ‘ಕಲ್ಲಿನಾಥ ಮಾಸ್ತರು ಒಂದು ದಿನ ಲಿಂಗಪೂಜಿ ತಪ್ಪಿಸಿದವರಲ್ಲ, ಅಪ್ಪಟ ಭಕ್ತರು’ ಎಂದರು. ಅಪ್ಪನ ಜೊತೆ ಊರೂರು ತಿರುಗಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುತ್ತಿದ್ದ ಜಗದೇವ ಕಾಕಾ ಮೈಕು ಕಸಿದುಕೊಂಡು, ‘ಎಲ್ಲೀ ಪೂಜಿರಿ? ಮಾಸ್ತರು ದೇವರನ್ನೇ ನಂಬ್ತಿದ್ದಿಲ್ಲ’ ಎಂದರು. ನಡುವೆ ಒಬ್ಬ ಲೀಡರು, ಮಾಸ್ತರು ನಮ್ಮ ಪಕ್ಷದವರು ಎಂದ. ಯಾರಿಗೆ ಓಟು ಹಾಕಿದೆ ಎಂದು ನನಗೇ ಹೇಳದ ಮನುಷ್ಯ ಅದು! ನಾನು ಬಾಯಿ ತೆರೆದೆ. ‘ವೈನಿ, ನೀವು ದುಃಖದಾಗ ಇದ್ದೀರಿ, ಸುಮ್ಮ ಕುಂದರ್ರಿ’ ಎಂದರು ಕಾಕಾ. ದುಃಖದಲ್ಲಿದ್ದವಳಿಗೆ ನೆನಪೂ ಇರುವುದಿಲ್ಲವೇ?

ವಿಶ್ವಾರಾಧ್ಯರೂ ಕಾಕಾನೂ ಸುಳ್ಳು ಹೇಳಲಿಲ್ಲ, ಅದೇ ನನ್ನ ಸಂಕಟ. ದಿನಾ ಮುಂಜಾನೆ ಅಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಕೂಡುತ್ತಿದ್ದರು, ನೀನೂ ನೋಡಿದ್ದೀ. ಏನು ಬೇಡಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. ‘ಏನೂ ಇಲ್ಲ ಶಾರದಾ. ದಿನಾ ಮಂದಿಗಿ ಬುದ್ಧಿ ಹೇಳೋ ಬಾಯಿ, ಜರಾ ಹೊತ್ತಾದ್ರೂ ಮುಚ್ಕೊಂಡಿರ್ಲಿ ಅಂತ ಕುಂದರ್ತೇನಿ’ ಎಂದಿದ್ದರು. ಅಲ್ಲಿಂದ ಎದ್ದವರು ನೇರ ಒಲೆಯ ಹತ್ತಿರ ಬರುತ್ತಿದ್ದರು. ಭಾಷಣವಿರಲಿ, ತಾವು ಬರೆದ ನಾಟಕವಿರಲಿ, ನಾನು ರೊಟ್ಟಿ ಬಡಿಯುವಾಗ ಮೊದಲು ನನಗೇ ಹೇಳಬೇಕು. ನಾನು ಆಕಳಿಸಿದ ಕಡೆ ಆ ಮಾತಿಗೆ ಕತ್ತರಿ. ದೇವರಿಲ್ಲ ಎಂದು ದೊಡ್ಡ ದನಿ ತೆಗೆದಾಗಲೂ ಆಕಳಿಸಿದ್ದೇನೆ, ಶರಣರನ್ನು ಉದ್ದಕ್ಕೂ ಹೊಗಳಿದಾಗಲೂ ಆಕಳಿಸಿದ್ದೇನೆ. ‘ಏನ್ ಬೇ, ನಿನ್ನ ಬಾಯಿಗಿ ಎರಡೂ ಒಂದೇ ಏನು?’ ಎಂದು ನಗುತ್ತಿದ್ದರು. ನಿನ್ನೆ ಸಭೆ ಮುಗಿಯುವವರೆಗೆ ಆಕಳಿಕೆ ಬಂತು, ಕತ್ತರಿಸುವವರಿರಲಿಲ್ಲ.

ಬರುವ ರವಿವಾರ ಅಫಜಲಪುರದಲ್ಲಿ ಮತ್ತೊಂದು ಸಭೆ. ಇವತ್ತು ಮುಂಜಾನೆ ವಿಶ್ವಾರಾಧ್ಯರೂ ಕಾಕಾನೂ ಬೇರೆ ಬೇರೆ ಫೋನು ಮಾಡಿ, ಅಲ್ಲಿ ತಮ್ಮ ಮಾತಿಗೆ ನಾನು ಹ್ಞೂಂ ಅಂದರೆ ಸಾಕು ಎಂದರು. ಇಡೀ ಮನುಷ್ಯನನ್ನು ಅರ್ಧ ಮಾಡಲು ನನ್ನ ಹ್ಞೂಂ ಬೇಕಂತೆ. ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟುಬಿಟ್ಟೆ.

ನಿನ್ನ ಮೈ ಗಟ್ಟಿಯಾಗಿರಲಿ, ರೋಗಿಗಳು ಮೆಚ್ಚುವ ನಿನ್ನ ಕೈಗುಣ ಹಾಗೇ ಇರಲಿ.

ನಿನ್ನ ಅವ್ವ,
ಶಾರದಾಬಾಯಿ

ತಾ.ಕ.: ನಿಮ್ಮ ಸೊಲ್ಲಾಪುರಕ್ಕೆ ಹೊರಟ ನಮ್ಮ ಓಣಿಯ ಖಾದರಸಾಬರು ಈ ಪತ್ರಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ. ಹಣ್ಣೂ ಅವರ ಕೈಯಲ್ಲೇ ಕಳಿಸಿದ್ದೇನೆ, ತಿನ್ನು. ಈಗಷ್ಟೇ ಇಬ್ಬರಿಗೂ ಫೋನು ಮಾಡಿದೆ: ‘ಶಾಲು ಬ್ಯಾಡ, ಮೈಕ್ ಕೊಡ್ರಿ. ಮೊದಲ ನಾನೇ ಮಾತಾಡ್ತೇನಿ.’ ಶನಿವಾರವೇ ಬಂದುಬಿಡು. ನೀನು ರೊಟ್ಟಿ ಬಡಿ, ನಾನು ಹೇಳುತ್ತೇನೆ. ಆಕಳಿಕೆ ಬಂದರೆ ತಡೆಯಬೇಡ.