ಬಿದ್ದಾಗ ಸಿಗುವ ಅರ್ಧ ನಿಮಿಷ

ಕೋಚ್ ರೆಮಿ,

ನೀವು ತೀರಿಕೊಂಡ ಮೇಲೆ ನಿಮ್ಮ ಜಿಮ್ನಾಸ್ಟಿಕ್ಸ್ ಮಕ್ಕಳಿಗೆ ನಾನೇ ಕೋಚ್. ಇವತ್ತು ಸೆಬು ನಗರದ ಸ್ಪರ್ಧೆಯಲ್ಲಿ ಪುಟ್ಟ ಮಾಯುಮಿ ಅಂಗೈಯಗಲದ ಬೀಮ್ ಮೇಲಿಂದ ಬಿದ್ದಳು. ಗ್ಯಾಲರಿಯಿಂದ ಅವಳಮ್ಮ ಕೂಗಿದಳು: "ಸರಿಯಾಗಿ ಬೈರಿ! ರೆಮಿ ಮೇಡಂ ಆಗಿದ್ರೆ ಮುಖಾನೂ ನೋಡ್ತಿರ್ಲಿಲ್ಲ!"

ನಿಜ. ಮಕ್ಕಳು ಬೀಮ್ ಮೇಲಿರುವಾಗ ನಾವು ಬಾಯಿ ಬಿಟ್ಟರೆ ಅಂಕ ಕಳೆಯುತ್ತಾರೆ. ಬಿದ್ದು ಮತ್ತೆ ಹತ್ತುವ ನಡುವಿನ ಅರ್ಧ ನಿಮಿಷ ಮಾತ್ರ ಮಾತಾಡಬಹುದು. ನಿಮ್ಮ ಶಿಷ್ಯೆಯಾಗಿದ್ದಾಗ ನಾನು ಬಿದ್ದರೆ, ಆ ಅರ್ಧ ನಿಮಿಷ ನೀವು ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದಿರಿ.

ನಾನು ಮಂಡಿಯೂರಿ, "ಪೆಟ್ಟಾಯ್ತಾ ಮಗಳೇ? ಮುಗಿಸ್ಕೊಂಡು ಬಾ, ಬಿಸಿ ಬಿಬಿಂಗ್ಕಾ ಕೇಕ್ ತಿನ್ನೋಣ," ಎಂದೆ. ಮೂಗೊರೆಸಿಕೊಂಡು ಹತ್ತಿದಳು. ಕೊನೆಯ ಸ್ಥಾನ ಬಂತು, ಬರಲಿ.

ಅವಳಮ್ಮನಿಗೂ ಹೇಳಿದೆ: "ಬೈಯೋರು ಬೇಕಾದ್ರೆ ಬೇರೆ ಕಡೆ ಹುಡುಕ್ಕೊಳ್ಳಮ್ಮ. ನನ್ನ ಹತ್ರ ಸಿಗೋದು ಇಷ್ಟೇ!"

ಆಸ್ಪತ್ರೆಯಲ್ಲಿ ನೀವು ಗೋಡೆಗೆ ಮುಖ ಮಾಡಿ ಮಲಗಿದಾಗಲೂ, ಕೋಚ್, ಮಾತಾಡಿಸುತ್ತಿದ್ದವಳು ನಾನೇ.